ಜೆರ್ಸಿಗೆ ಹೊಲಿದ ಸ್ಮರಣೆ

ನವೆಂಬರ್ ತಿಂಗಳ ಮೊದಲೆರಡು ವಾರಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳನ್ನು ನೋಡಿದವರಿಗೆ ಈ ದೃಶ್ಯ ಪರಿಚಿತ. ಆಟ ಶುರುವಾಗುವ ಮೊದಲು ಎರಡೂ ತಂಡಗಳ ಆಟಗಾರರು ಮೈದಾನದ ನಡುವಣ ವೃತ್ತದ ಸುತ್ತ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ, ಬ್ಯೂಗಲ್ ಮೊಳಗುತ್ತದೆ, ಸಾವಿರಾರು ಜನ ತುಂಬಿದ ಕ್ರೀಡಾಂಗಣ ಒಂದೆರಡು ನಿಮಿಷ ಸಂಪೂರ್ಣ ನಿಶ್ಶಬ್ದವಾಗುತ್ತದೆ. ಪ್ರತಿಯೊಬ್ಬರ ಜೆರ್ಸಿಯ ಎದೆಯ ಮೇಲೂ ಒಂದು ಸಣ್ಣ ಕೆಂಪು ಹೂವಿನ ಗುರುತಿರುತ್ತದೆ. ಆ ಸಾಲಿನಲ್ಲಿ ಒಬ್ಬರ ಎದೆಯ ಮೇಲೆ ಮಾತ್ರ ಹೂವಿಲ್ಲದಿದ್ದರೆ ಕ್ಯಾಮೆರಾ ಅವರನ್ನು ಹುಡುಕಿಕೊಂಡು ಹೋಗುತ್ತದೆ, ಮತ್ತು ಆಟ ಶುರುವಾದ ಮೇಲೆ ಅವರ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ, ಈಗಷ್ಟೇ ತಲೆ ತಗ್ಗಿಸಿ ನಿಂತಿದ್ದ ಜನರಲ್ಲೇ ಅನೇಕರು ಕೂಗಿ ಹೀಯಾಳಿಸುತ್ತಾರೆ. 2012ರಿಂದ ಬಹುಕಾಲ ಆ ಒಬ್ಬರು ಹೆಚ್ಚಾಗಿ ಜೇಮ್ಸ್ ಮೆಕ್‌ಕ್ಲೀನ್ ಎಂಬ ಐರಿಷ್ ಆಟಗಾರರೇ ಆಗಿದ್ದರು. ಸಂಡರ್‌ಲ್ಯಾಂಡ್, ವಿಗನ್, ವೆಸ್ಟ್ ಬ್ರಾಮ್, ಸ್ಟೋಕ್, ರೆಕ್ಸಮ್ ಎಂದು ಅವರು ಕ್ಲಬ್ ಬದಲಿಸಿದರು, ಆದರೆ ನವೆಂಬರ್ ಮಾತ್ರ ಬದಲಾಗಲಿಲ್ಲ.

ಹೂವಿನ ಹೆಸರು ಪಾಪ್ಪಿ. ಗಸಗಸೆಯ ಬಳಗಕ್ಕೆ ಸೇರಿದ್ದು, ಆದರೆ ನಮ್ಮ ಪಾಯಸದ ಗಸಗಸೆ ಕೊಡುವ ಗಿಡ ಬೇರೆ, ಯುರೋಪಿನ ಹೊಲಗಳಲ್ಲಿ ತಾನಾಗಿ ಬೆಳೆಯುವ ಈ ಕೆಂಪು ಹೂವಿನ ಗಿಡ ಬೇರೆ. ಮೊದಲ ಮಹಾಯುದ್ಧದಲ್ಲಿ ಫಿರಂಗಿಗಳು ಅಗೆದು ಬುಡಮೇಲು ಮಾಡಿದ ಬೆಲ್ಜಿಯಂ ಮತ್ತು ಫ್ರಾನ್ಸಿನ ನೆಲದಲ್ಲಿ, ಗೋರಿಗಳ ನಡುವೆ, ಈ ಹೂವು ಅರಳಿದ್ದನ್ನು ಕಂಡು 1915ರಲ್ಲಿ ಕೆನಡಾದ ಸೇನಾ ವೈದ್ಯರೊಬ್ಬರು ಬರೆದ ಕವಿತೆಯಿಂದ ಅದು ಸತ್ತ ಸೈನಿಕರ ನೆನಪಿನ ಸಂಕೇತವಾಯಿತು. 1918ರ ನವೆಂಬರ್ 11ರಂದು ಬೆಳಗ್ಗೆ 11 ಗಂಟೆಗೆ ಯುದ್ಧ ನಿಂತಿತು. 1921ರಲ್ಲಿ ಹುಟ್ಟಿದ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆ ಅದೇ ವರ್ಷದಿಂದ ಈ ಹೂವುಗಳನ್ನು ಕೊಟ್ಟು ದೇಣಿಗೆ ಸಂಗ್ರಹಿಸತೊಡಗಿತು, ಮತ್ತು ಮರುವರ್ಷ ಯುದ್ಧದಲ್ಲಿ ಅಂಗವಿಕಲರಾದವರಿಗೆ ಕೆಲಸ ಕೊಡಲೆಂದೇ ಹೂವು ತಯಾರಿಸುವ ಕಾರ್ಖಾನೆಯೊಂದು ಆರಂಭವಾಯಿತು. ಇಂಗ್ಲೆಂಡಿನಲ್ಲಿ ಸಿಗುವ ಹೂವು ತೀರಾ ಸರಳ: ಕೆಂಪು ಕಾಗದದ ಎರಡು ಎಸಳು, ನಡುವೆ ಕಪ್ಪು ಬೊಟ್ಟು, ಪಕ್ಕದಲ್ಲಿ ಒಂದು ಹಸಿರೆಲೆ. ಅದಕ್ಕೆ ಇಂತಿಷ್ಟೇ ಬೆಲೆ ಎಂದಿಲ್ಲ, ಡಬ್ಬಿಗೆ ನಿಮಗೆ ತೋಚಿದಷ್ಟು ಹಾಕಿ, ಹೂವನ್ನು ಕೋಟಿಗೆ ಸಿಕ್ಕಿಸಿಕೊಂಡು ಹೋಗುವುದು.

ಈ ಹೂವು ನಮಗೆ ಸಂಬಂಧವಿಲ್ಲದ್ದೇನಲ್ಲ. ಆ ಯುದ್ಧದಲ್ಲಿ ಅವಿಭಜಿತ ಭಾರತದ 74,000ಕ್ಕೂ ಹೆಚ್ಚು ಸೈನಿಕರು ಸತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು, ಮತ್ತು ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಹೈಫಾದ ಗೆಲುವಿಗೂ ಅಮೃತಸರದ ಜಲಿಯನ್‌ವಾಲಾ ಬಾಗ್‌ಗೂ ನಡುವೆ ಇರುವುದು ಏಳು ತಿಂಗಳು ಸಹ ತುಂಬದ ಅವಧಿ. 1919ರ ಏಪ್ರಿಲ್ 13ರಂದು ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟವನು ಅದೇ ಸಾಮ್ರಾಜ್ಯದ ಸೇನಾಧಿಕಾರಿ. ಒಂದೇ ಸೇನೆಯನ್ನು ನೆನೆಯುವಾಗ ಹೈಫಾದಲ್ಲಿ ಸತ್ತವರಿಗೆ ತಲೆಬಾಗುವುದು ಹೇಗೆ, ಅಮೃತಸರದಲ್ಲಿ ಕೊಂದವರನ್ನು ಮರೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಒಂದು ಕ್ಷಣ ಮನಸ್ಸಿನಲ್ಲಿ ಇಟ್ಟುಕೊಂಡರೆ, ಮೆಕ್‌ಕ್ಲೀನ್ ಅವರ ಸಂಕಟ ಕನ್ನಡದ ಓದುಗರಿಗೆ ದೂರದ್ದೆನಿಸುವುದಿಲ್ಲ.

ಮೆಕ್‌ಕ್ಲೀನ್ 1989ರಲ್ಲಿ, ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಹುಟ್ಟಿ ಕ್ರೆಗನ್ ಎಂಬ ಬಡಾವಣೆಯಲ್ಲಿ ಬೆಳೆದವರು. 1972ರ ಜನವರಿ 30ರಂದು, ವಿಚಾರಣೆಯಿಲ್ಲದೆ ಜನರನ್ನು ಬಂಧಿಸಿಡುವ ನೀತಿಯ ವಿರುದ್ಧ ಹೊರಟ ಮೆರವಣಿಗೆ ಇದೇ ಕ್ರೆಗನ್‌ನಿಂದ ಇಳಿದು ಬಾಗ್‌ಸೈಡ್ ತಲುಪಿದಾಗ ಬ್ರಿಟಿಷ್ ಪ್ಯಾರಾಚೂಟ್ ಪಡೆಯ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು, ಗಾಯಗೊಂಡ ಇನ್ನೊಬ್ಬರು ಮುಂದೆ ತೀರಿಕೊಂಡರು. ಅದೇ ವರ್ಷದ ಸರ್ಕಾರಿ ವಿಚಾರಣೆ ಬಹುಮಟ್ಟಿಗೆ ಸೈನಿಕರ ಪರವಾಗಿತ್ತು. ಸತ್ತವರು ನಿರಪರಾಧಿಗಳು ಎಂದು ಅಧಿಕೃತವಾಗಿ ಕೇಳಲು ಅವರ ಮನೆಯವರು 38 ವರ್ಷ ಕಾಯಬೇಕಾಯಿತು. 2010ರ ಜೂನ್ 15ರಂದು ಸಾವಿಲ್ ಆಯೋಗದ ವರದಿ ಹೊರಬಂದಾಗ, ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ನಿಂತು, ಆ ದಿನ ನಡೆದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಆ ಕೊಲೆಗಳಿಗಾಗಿ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದ ಒಬ್ಬನೇ ಮಾಜಿ ಸೈನಿಕ 2025ರ ಅಕ್ಟೋಬರ್‌ನಲ್ಲಿ ಖುಲಾಸೆಯಾದ. ಕ್ಷಮಾಪಣೆ ಕೇಳಿ ಎರಡು ವರ್ಷವಷ್ಟೇ ಕಳೆದಿದ್ದ 2012ರ ನವೆಂಬರ್‌ನಲ್ಲಿ, ಸಂಡರ್‌ಲ್ಯಾಂಡ್ ಪರವಾಗಿ ಎವರ್ಟನ್ ವಿರುದ್ಧ ಆಡುವಾಗ 23 ವರ್ಷದ ಮೆಕ್‌ಕ್ಲೀನ್ ಹೂವಿಲ್ಲದ ಜೆರ್ಸಿ ತೊಟ್ಟರು. ಕೊಲೆ ಬೆದರಿಕೆಗಳು ಬಂದವು.

2014ರ ನವೆಂಬರ್‌ನಲ್ಲಿ, ಆಗ ವಿಗನ್ ಕ್ಲಬ್ಬಿನಲ್ಲಿದ್ದ ಅವರು ಬೋಲ್ಟನ್ ಪಂದ್ಯಕ್ಕೆ ಮುನ್ನ ಕ್ಲಬ್ಬಿನ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ ಬರೆದರು. ಈ ವಿವಾದದ ಬಗ್ಗೆ ಮಾತಾಡುವ ಯಾರೇ ಆಗಲಿ ಮೊದಲು ಓದಬೇಕಾದದ್ದು ಆ ಪತ್ರವನ್ನು ಎಂದು ನನಗೆ ಅನ್ನಿಸುತ್ತದೆ. ಎರಡು ಮಹಾಯುದ್ಧಗಳಲ್ಲಿ ಹೋರಾಡಿ ಸತ್ತವರ ಬಗ್ಗೆ ತಮಗೆ ಪೂರ್ಣ ಗೌರವವಿದೆ, ಅವರಲ್ಲಿ ಅನೇಕರು ಐರ್ಲೆಂಡಿನಲ್ಲಿ ಹುಟ್ಟಿದವರೆಂಬುದೂ ಗೊತ್ತು, ಪಾಪ್ಪಿ ಆ ಎರಡು ಯುದ್ಧಗಳ ಸಂಕೇತ ಮಾತ್ರವಾಗಿದ್ದರೆ ತಾವು ಪ್ರತಿದಿನ ಬೇಕಾದರೂ ಅದನ್ನು ಧರಿಸುತ್ತಿದ್ದೆ ಎಂಬರ್ಥದ ಮಾತುಗಳು ಅದರಲ್ಲಿವೆ. ಆದರೆ ಆ ಹೂವು ಅನಂತರದ ಎಲ್ಲ ಸಂಘರ್ಷಗಳಲ್ಲಿ ಸೇವೆ ಸಲ್ಲಿಸಿದವರಿಗೂ ಸೇರಿದ್ದು, 1969ರಿಂದ 2007ರವರೆಗೆ ಉತ್ತರ ಐರ್ಲೆಂಡಿನಲ್ಲಿ ನಡೆದ ಸೇನಾ ಕಾರ್ಯಾಚರಣೆಯೂ ಅದರೊಳಗೆ ಬರುತ್ತದೆ. ತಾವು ಅದನ್ನು ಧರಿಸಿದರೆ ತಮ್ಮ ಊರಿನ ಸತ್ತವರಿಗೆ ಅಗೌರವ ತೋರಿದಂತಾಗುತ್ತದೆ ಎಂಬುದು ಅವರ ನಿಲುವು. ಪತ್ರದಲ್ಲಿ ಸಿಟ್ಟಿಲ್ಲ. ಅಧ್ಯಕ್ಷರು ತಮ್ಮನ್ನು ಒಪ್ಪದಿದ್ದರೂ ಅರ್ಥಮಾಡಿಕೊಂಡರೆ ಸಾಕೆಂಬ ವಿನಯವಿದೆ. ಮುಂದಿನ ವರ್ಷಗಳಲ್ಲಿ ಪ್ರೇಕ್ಷಕರ ಬೈಗುಳ ಮಿತಿಮೀರಿದಾಗ ಅವರು ಸಾಮಾಜಿಕ ಜಾಲತಾಣದಲ್ಲಿ ಒರಟಾಗಿ ಉತ್ತರಿಸಿದ್ದುಂಟು, ಅದು ಫುಟ್‌ಬಾಲ್ ಸಂಸ್ಥೆಯ ವಿಚಾರಣೆಗೂ ಗುರಿಯಾಯಿತು. ಆ ಒರಟು ಮಾತುಗಳನ್ನು ನೆನಪಿಟ್ಟುಕೊಂಡವರು ಪತ್ರವನ್ನು ಮರೆತದ್ದು ನ್ಯಾಯವಲ್ಲ.

ಎದುರು ಬದಿಯ ನೋವೂ ಅಷ್ಟೇ ನಿಜವಾದದ್ದು. ಅದೇ ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಎಂಬ ಊರಿನಲ್ಲಿ 1987ರ ನವೆಂಬರ್ 8ರಂದು, ಸ್ಮರಣಾ ಭಾನುವಾರದ ಬೆಳಗ್ಗೆ, ಯುದ್ಧ ಸ್ಮಾರಕದ ಬಳಿ ಕಾಗದದ ಹೂವು ಸಿಕ್ಕಿಸಿಕೊಂಡು ಸೇರಿದ್ದ ಜನರ ಮೇಲೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ಸಂಘಟನೆಯ ಬಾಂಬು ಸಿಡಿಯಿತು. 11 ಜನ ಸತ್ತರು. ಕೋಮಾಕ್ಕೆ ಜಾರಿದ ಇನ್ನೊಬ್ಬರು ವರ್ಷಗಳ ನಂತರ ಪ್ರಾಣಬಿಟ್ಟರು. ಆ ಮನೆಗಳವರಿಗೆ ಪಾಪ್ಪಿ ಧರಿಸುವುದೆಂದರೆ ಸೇನೆಗೆ ಜೈಕಾರ ಹಾಕುವುದಲ್ಲ, ಹಂತಕರಿಗೆ ಹೆದರಿ ಸತ್ತವರನ್ನು ನೆನೆಯುವುದನ್ನು ಬಿಡುವುದಿಲ್ಲ ಎಂದು ಹೇಳುವುದು. ಇಂಗ್ಲೆಂಡಿನ ಕ್ಲಬ್ಬುಗಳ ಊರುಗಳಲ್ಲೂ ತಲೆಮಾರುಗಳಿಂದ ಮಕ್ಕಳನ್ನು ಸೇನೆಗೆ ಕಳಿಸಿದ ದುಡಿಯುವ ಕುಟುಂಬಗಳಿವೆ. ಮಗನನ್ನು ಅಫ್ಘಾನಿಸ್ತಾನದಲ್ಲಿ ಕಳೆದುಕೊಂಡ ತಾಯಿ ಮೈದಾನದಲ್ಲಿ ಹೂವಿಲ್ಲದ ಒಂದು ಜೆರ್ಸಿ ಕಂಡರೆ ಮನಸ್ಸು ಮುರಿಯುವುದು ಸಹಜ. ಆ ನೋವಿಗೆ ನಾವು ಕಿವಿಗೊಡಲೇಬೇಕು. ಆದರೆ ಆ ನೋವು ಇನ್ನೊಬ್ಬರ ಎದೆಯ ಮೇಲೆ ಏನಿರಬೇಕೆಂದು ನಿರ್ಧರಿಸುವ ಅಧಿಕಾರವಾಗಬಹುದೇ ಎಂಬುದು ಬೇರೆಯದೇ ಪ್ರಶ್ನೆ.

ಇಲ್ಲಿ ನಾವು ಗಮನಿಸಬೇಕಾದ ಬದಲಾವಣೆಯೊಂದಿದೆ, ಮತ್ತು ವಿವಾದದ ಬೇರು ಇರುವುದು ಅದರಲ್ಲೇ. ಹೂವು ಕೋಟಿನ ಮಡಿಕೆಯಲ್ಲಿದ್ದಷ್ಟು ಕಾಲ ಅದನ್ನು ಸಿಕ್ಕಿಸಿಕೊಳ್ಳುವುದು ಒಂದು ಕ್ರಿಯೆಯಾಗಿತ್ತು. ಸಿಕ್ಕಿಸಿಕೊಳ್ಳದವನು ಏನನ್ನೂ ಮಾಡಿದಂತಾಗುತ್ತಿರಲಿಲ್ಲ, ಮರೆತಿರಬಹುದು, ಇನ್ನೂ ಕೊಂಡಿರಲಿಕ್ಕಿಲ್ಲ. ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಲಬ್ಬುಗಳು, ಪತ್ರಿಕೆಗಳ ಒತ್ತಾಸೆಯೂ ಸೇರಿ, ಹೂವನ್ನು ಜೆರ್ಸಿಯ ಮೇಲೆಯೇ ಅಚ್ಚೊತ್ತಿಸಿ ಕೊಡತೊಡಗಿದವು. ಪಂದ್ಯದ ನಂತರ ಆ ಜೆರ್ಸಿಗಳನ್ನು ಹರಾಜು ಹಾಕಿ ಹಣವನ್ನು ಲೀಜನ್‌ಗೆ ಕೊಡುತ್ತಾರೆ, ಉದ್ದೇಶ ಒಳ್ಳೆಯದೇ. ಆದರೆ ಲಾಕರ್ ಕೋಣೆಯಲ್ಲಿ ಎಲ್ಲರಿಗೂ ಹೂವಿರುವ ಜೆರ್ಸಿ ತೂಗುಹಾಕಿದ ಕ್ಷಣದಿಂದ ಧರಿಸುವುದು ಕ್ರಿಯೆಯಾಗಿ ಉಳಿಯಲಿಲ್ಲ, ಧರಿಸದಿರುವುದೇ ಕ್ರಿಯೆಯಾಯಿತು. ಸುಮ್ಮನಿರುವ ಅವಕಾಶವೇ ಹೊರಟುಹೋಯಿತು. ಒಪ್ಪದವನು ಬೇರೆ ಜೆರ್ಸಿ ಕೇಳಬೇಕು, ಕಾರಣ ಹೇಳಬೇಕು, ಪತ್ರ ಬರೆಯಬೇಕು. ಅಷ್ಟಾದ ಮೇಲೆ ಇವನು ಆಟಕ್ಕೆ ರಾಜಕೀಯ ತಂದ ಎಂಬ ಮಾತನ್ನೂ ಅವನೇ ಕೇಳಬೇಕು.

ಇದರ ಸಣ್ಣ ರೂಪವೊಂದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮಲ್ಲಿ 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ನಾನು ಓದಿದ ಶಾಲೆಯಲ್ಲಿ ಆ ಹೊತ್ತಿಗೆ ಮೇಷ್ಟರು ಒಂದು ಡಬ್ಬಿ ಹಿಡಿದು ತರಗತಿಗೆ ಬರುತ್ತಿದ್ದರು, ನಾವು ಚಿಲ್ಲರೆ ಹಾಕಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಕಾಗದದ ಬಾವುಟ ತೆಗೆದುಕೊಂಡು ಅಂಗಿಯ ಜೇಬಿಗೆ ಗುಂಡುಸೂಜಿಯಿಂದ ಚುಚ್ಚಿಕೊಳ್ಳುತ್ತಿದ್ದೆವು. ಒಂದು ವರ್ಷ ಹಿಂದಿನ ಸಾಲಿನ ಒಬ್ಬ ಹುಡುಗ ದುಡ್ಡು ತಂದಿರಲಿಲ್ಲ. ಮೇಷ್ಟರು ಬೈಯಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಆದರೆ ಇಡೀ ತರಗತಿ ಮಧ್ಯಾಹ್ನದವರೆಗೆ ಅವನ ಜೇಬಿನ ಕಡೆಗೇ ನೋಡುತ್ತಿತ್ತು, ಊಟದ ಬಿಡುವಿನ ಮೇಲೆ ಅವನು ಎದೆಯ ಮೇಲೆ ಕೈಯಿಟ್ಟು ಜೇಬು ಮುಚ್ಚಿಕೊಂಡು ಕುಳಿತಿದ್ದ. ಸೈನಿಕರ ಬಗ್ಗೆ ನಾವು ಆ ದಿನ ಯೋಚಿಸಿದ್ದು ನನಗೆ ನೆನಪಿಲ್ಲ, ಆ ಕೈ ನೆನಪಿದೆ.

ಮೆಕ್‌ಕ್ಲೀನ್ ಅವರದು ಐರ್ಲೆಂಡಿನದೇ ವಿಶೇಷ ಪ್ರಕರಣ ಎನ್ನುವವರಿಗೆ ನೆಮಾನ್ಯ ಮಾಟಿಚ್ ಉತ್ತರವಾಗುತ್ತಾರೆ. ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡುತ್ತಿದ್ದ ಈ ಸರ್ಬಿಯಾದ ಆಟಗಾರ 2018ರ ನವೆಂಬರ್‌ನಲ್ಲಿ ಬೋರ್ನ್‌ಮತ್ ವಿರುದ್ಧ ಹೂವು ಧರಿಸಲಿಲ್ಲ. 1999ರಲ್ಲಿ ನೇಟೊ ಪಡೆಗಳು 78 ದಿನ ಯುಗೊಸ್ಲಾವಿಯಾದ ಮೇಲೆ ಬಾಂಬ್ ಹಾಕಿದಾಗ ವ್ರೆಲೊ ಎಂಬ ಹಳ್ಳಿಯಲ್ಲಿ ಅವರು ಹೆದರಿಕೊಂಡು ಬದುಕುತ್ತಿದ್ದ ಹುಡುಗ. ಹಿಂದೆ ಹೂವು ಧರಿಸಿದ್ದುಂಟು, ಈಗ ಯೋಚಿಸಿ ನೋಡಿದರೆ ಧರಿಸುವುದು ಸರಿಯೆನಿಸುತ್ತಿಲ್ಲ, ಬ್ರಿಟನ್ನಿನಲ್ಲಿ ಹೂವಿಗಿರುವ ಗೌರವವನ್ನು ಕಡೆಗಣಿಸುವ ಉದ್ದೇಶ ತಮಗಿಲ್ಲ ಎಂದು ಅವರು ವಿವರಿಸಿದರು. ಇಂದಿನ ಪ್ರೀಮಿಯರ್ ಲೀಗ್ ಜಗತ್ತಿನ ಎಲ್ಲೆಡೆಯಿಂದ ಆಟಗಾರರನ್ನು ಕರೆತರುತ್ತದೆ. ಅವರು ತಮ್ಮ ಕಾಲ್ಚಳಕದ ಜೊತೆಗೆ ತಮ್ಮ ಊರಿನ ನೆನಪುಗಳನ್ನೂ ತರುತ್ತಾರೆ ಎಂಬುದನ್ನು ಒಪ್ಪಲು ಲೀಗ್‌ಗೆ ಇನ್ನೂ ಕಷ್ಟವಾಗುತ್ತಿದೆ.

ಆಡಳಿತ ಸಂಸ್ಥೆಗಳು ಈ ಗೊಂದಲವನ್ನು ತಿಳಿಯಾಗಿಸುವ ಬದಲು ಹೆಚ್ಚಿಸಿವೆ. 2011ರ ನವೆಂಬರ್‌ನಲ್ಲಿ ಇಂಗ್ಲೆಂಡ್ ತಂಡ ಸ್ಪೇನ್ ವಿರುದ್ಧ ಪಾಪ್ಪಿ ಇರುವ ಜೆರ್ಸಿ ತೊಡಲು ಫಿಫಾ ಒಪ್ಪಲಿಲ್ಲ. ರಾಜಕೀಯ ಸಂಕೇತಗಳಿಗೆ ಆಟದಲ್ಲಿ ಜಾಗವಿಲ್ಲ ಎಂದಿತು. ಪ್ರಧಾನಿ ಮತ್ತು ರಾಜಕುಮಾರ ವಿಲಿಯಂ ಪತ್ರ ಬರೆದ ಮೇಲೆ ತೋಳಿನ ಕಪ್ಪುಪಟ್ಟಿಯ ಮೇಲೆ ಹೂವಿಡಲು ಅನುಮತಿ ಸಿಕ್ಕಿತು. 2016ರಲ್ಲಿ ಅದೇ ರೀತಿಯ ಪಟ್ಟಿ ಧರಿಸಿ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ಆಡಿದಾಗ ಫಿಫಾ ಇಂಗ್ಲೆಂಡಿಗೆ 45,000 ಸ್ವಿಸ್ ಫ್ರಾಂಕ್, ಸ್ಕಾಟ್‌ಲೆಂಡಿಗೆ 20,000 ಫ್ರಾಂಕ್ ದಂಡ ಹಾಕಿತು, ಆ ದಿನಗಳ ಸ್ಮರಣಾ ಪ್ರದರ್ಶನಕ್ಕಾಗಿ ವೇಲ್ಸ್ ಮತ್ತು ಉತ್ತರ ಐರ್ಲೆಂಡಿಗೂ ದಂಡ ಬಿತ್ತು. ಅದೇ ವರ್ಷ ಐರ್ಲೆಂಡ್ ಗಣರಾಜ್ಯದ ತಂಡ ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಬಂಡಾಯದ ಶತಮಾನೋತ್ಸವದ ಲಾಂಛನವನ್ನು ಜೆರ್ಸಿಯ ಮೇಲೆ ಧರಿಸಿದ್ದಕ್ಕೂ ದಂಡ ಕಟ್ಟಬೇಕಾಯಿತು. ಬ್ರಿಟಿಷ್ ಸರ್ಕಾರದ ಆಕ್ರೋಶದ ನಂತರ, 2017ರಲ್ಲಿ, ಎದುರಾಳಿ ತಂಡವೂ ಸಂಘಟಕರೂ ಮೊದಲೇ ಒಪ್ಪಿದರೆ ಪಾಪ್ಪಿ ಧರಿಸಬಹುದೆಂದಾಯಿತು. ಆ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಜೊತೆ ಜರ್ಮನಿಯ ಆಟಗಾರರೂ ಹೂವಿನ ಪಟ್ಟಿ ಕಟ್ಟಿಕೊಂಡು ಆಡಿದರು. ಹಳೆಯ ಶತ್ರುಗಳು ಹೀಗೆ ಕೂಡಿ ನಿಂತದ್ದು ಮನಕಲಕುವ ದೃಶ್ಯವೇ ಆಗಿತ್ತು. ಆದರೆ ಹೊಸ ವ್ಯವಸ್ಥೆ ಕೇಳಿದ್ದು ಎರಡು ಸಂಸ್ಥೆಗಳ ಒಪ್ಪಿಗೆಯನ್ನು. ತಂಡದೊಳಗಿನ ಒಬ್ಬ ಆಟಗಾರನ ಒಪ್ಪಿಗೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಕ್ರಿಕೆಟ್ ಕಥೆ ನಮಗೆ ಇನ್ನೂ ಹತ್ತಿರದ್ದು. 2014ರ ಜುಲೈನಲ್ಲಿ ಸೌತಾಂಪ್ಟನ್‌ನಲ್ಲಿ ಭಾರತದ ವಿರುದ್ಧ ನಡೆದ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಮೊಯೀನ್ ಅಲಿ ಗಾಜಾ ಪರವಾದ ಬರಹವಿದ್ದ ಮಣಿಕಟ್ಟಿನ ಪಟ್ಟಿ ಧರಿಸಿದ್ದರು. ಮ್ಯಾಚ್ ರೆಫರಿ ಅದನ್ನು ಮತ್ತೆ ಧರಿಸಬಾರದೆಂದು ಎಚ್ಚರಿಸಿದರು. ಅದೇ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಇಡೀ ತಂಡದ ಉಡುಪಿನ ಮೇಲೆ ಹೆಲ್ಪ್ ಫಾರ್ ಹೀರೋಸ್ ಎಂಬ ಸಂಸ್ಥೆಯ ಗುರುತಿತ್ತು, ಐಸಿಸಿ ಅದಕ್ಕೆ ಅನುಮತಿ ಕೊಟ್ಟಿತ್ತು. ಆ ಸಂಸ್ಥೆ 2007ರಲ್ಲಿ ಹುಟ್ಟಿದ್ದು ಇರಾಕ್, ಅಫ್ಘಾನಿಸ್ತಾನಗಳಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರ ನೆರವಿಗೆ. ಗಾಯಗೊಂಡವರಿಗೆ ನೆರವಾಗುವುದನ್ನು ನಾನು ಪ್ರಶ್ನಿಸುತ್ತಿಲ್ಲ. ಒಂದೇ ಮೈದಾನದಲ್ಲಿ, ಒಂದೇ ದಿನ, ಬಹುಸಂಖ್ಯಾತರ ನೋವನ್ನು ಮಾನವೀಯತೆ ಎಂದೂ ಒಬ್ಬನ ನೋವನ್ನು ರಾಜಕೀಯ ಎಂದೂ ಕರೆದ ಅಳತೆಗೋಲನ್ನು ಪ್ರಶ್ನಿಸುತ್ತಿದ್ದೇನೆ. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖವಾಜಾ ಎಲ್ಲ ಜೀವಗಳೂ ಸಮಾನ ಎಂದು ಶೂ ಮೇಲೆ ಬರೆದುಕೊಂಡು ಪರ್ತ್ ಟೆಸ್ಟ್ ಆಡಲು ಬಯಸಿದಾಗ, ಆ ಮೇಲೆ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡಾಗ, ಮುಂದೆ ಆಲಿವ್ ಕೊಂಬೆ ಹಿಡಿದ ಪಾರಿವಾಳದ ಚಿತ್ರ ಅಂಟಿಸಲು ಅನುಮತಿ ಕೇಳಿದಾಗ, ಪ್ರತಿ ಸಲವೂ ಐಸಿಸಿ ಅಡ್ಡ ಬಂದಿತು. ಕಪ್ಪುಪಟ್ಟಿಗಾಗಿ ಛೀಮಾರಿಯನ್ನೂ ಹಾಕಿತು. ಕಪ್ಪುಪಟ್ಟಿಗಿಂತ ಸರಳವಾದ ಶೋಕದ ಗುರುತು ಇನ್ನೊಂದಿಲ್ಲ. ಆದರೂ 2003ರ ಫೆಬ್ರುವರಿ 10ರಂದು ಹರಾರೆಯಲ್ಲಿ ಹೆನ್ರಿ ಒಲಂಗಾ ಮತ್ತು ಆಂಡಿ ಫ್ಲವರ್ ಜಿಂಬಾಬ್ವೆಯ ಪ್ರಜಾಪ್ರಭುತ್ವ ಸತ್ತಿದೆಯೆಂದು ಅದೇ ಕಪ್ಪು ತುಂಡನ್ನು ಕಟ್ಟಿಕೊಂಡಾಗ ಅದು ಒಂದು ಸರ್ಕಾರವನ್ನೇ ಕೆಣಕಿತು. ಬಟ್ಟೆಯಲ್ಲಿ ರಾಜಕೀಯವಿರುವುದಿಲ್ಲ, ಯಾರ ಸಾವನ್ನು ಯಾರು ನೆನೆಯುತ್ತಾರೆ ಎಂಬುದರಲ್ಲಿರುತ್ತದೆ.

ಭಾರತದಲ್ಲಿ ಒತ್ತಡ ಬೇರೆ ದಿಕ್ಕಿನಿಂದ ಬಂತು. 2019ರ ಮಾರ್ಚ್ 8ರಂದು ರಾಂಚಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಭಾರತ ತಂಡ ಪುಲ್ವಾಮಾದಲ್ಲಿ ಮಡಿದ ಸಿಆರ್‌ಪಿಎಫ್ ಯೋಧರ ಸ್ಮರಣಾರ್ಥ ಸೇನಾ ಟೋಪಿ ಧರಿಸಿ ಆಡಿತು, ಪಂದ್ಯದ ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟಿತು. ಐಸಿಸಿ ಅನುಮತಿ ಇತ್ತು. ಮೂರೇ ತಿಂಗಳಲ್ಲಿ, ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮಹೇಂದ್ರ ಸಿಂಗ್ ಧೋನಿ ತಮ್ಮ ಕೀಪಿಂಗ್ ಗ್ಲೌಸ್‌ಗಳ ಮೇಲೆ ಪ್ಯಾರಾ ವಿಶೇಷ ಪಡೆಯ ಬಲಿದಾನ್ ಲಾಂಛನ ಹಾಕಿಕೊಂಡು ಆಡಿದರು. ಐಸಿಸಿ ತೆಗೆಸಿತು, ದೇಶದ ತುಂಬ ಅದನ್ನು ತೆಗೆಯಬಾರದೆಂಬ ಕೂಗೆದ್ದಿತು, ಧೋನಿ ಸದ್ದಿಲ್ಲದೆ ಮುಂದಿನ ಪಂದ್ಯಕ್ಕೆ ಲಾಂಛನವಿಲ್ಲದ ಗ್ಲೌಸ್ ಧರಿಸಿ ಬಂದರು. ಧೋನಿಯವರದು ಅವರದೇ ಆಯ್ಕೆಯಾಗಿತ್ತು, ಪ್ಯಾರಾಚೂಟ್ ರೆಜಿಮೆಂಟ್‌ನೊಡನೆ ಅವರಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿ ನಿಜವಾದ ನಂಟೂ ಇತ್ತು. ನನ್ನನ್ನು ಕಾಡುವುದು ರಾಂಚಿಯ ಟೋಪಿ. ಹನ್ನೊಂದು ಮಂದಿಯೂ ಮನಸಾರೆ ಧರಿಸಿದರೆಂದೇ ನಂಬುತ್ತೇನೆ. ಆದರೂ ಅವರಲ್ಲಿ ಒಬ್ಬರು, ಯಾವುದೋ ಖಾಸಗಿ ಕಾರಣಕ್ಕೆ, ನಾನು ನನ್ನ ಸಂಭಾವನೆ ಕೊಡುತ್ತೇನೆ, ಟೋಪಿ ಮಾತ್ರ ಬೇಡ ಎಂದಿದ್ದರೆ ಮರುದಿನ ಅವರ ಮನೆಯ ಮುಂದೆ ಏನಾಗುತ್ತಿತ್ತು ಎಂಬುದನ್ನು ಊಹಿಸಲು ನಮಗೆ ಯಾರಿಗೂ ಕಷ್ಟವಾಗುವುದಿಲ್ಲ.

ಕ್ಲಬ್ ಸಂಬಳ ಕೊಡುತ್ತದೆ, ಸಮವಸ್ತ್ರ ನಿರ್ಧರಿಸುವ ಹಕ್ಕು ಅದಕ್ಕಿದೆ, ಪ್ರಾಯೋಜಕರ ಹೆಸರನ್ನು ಧರಿಸುವವನು ಸತ್ತವರ ಹೂವನ್ನೇಕೆ ಧರಿಸಬಾರದು ಎಂಬ ವಾದವಿದೆ. ಇದು ಹಗುರವಾದ ವಾದವಲ್ಲ. ಆದರೆ ಪ್ರಾಯೋಜಕರ ಹೆಸರು ಧರಿಸಿದವನು ಅದನ್ನು ಪ್ರೀತಿಸುತ್ತಾನೆಂದು ಯಾರೂ ಭಾವಿಸುವುದಿಲ್ಲ, ಅದು ವ್ಯಾಪಾರವೆಂದು ಎಲ್ಲರಿಗೂ ಗೊತ್ತು. ಸ್ಮರಣೆಯ ಗುರುತಿನ ಬೆಲೆಯಿರುವುದೇ ಧರಿಸಿದವನ ಮನಸ್ಸು ಅದರ ಹಿಂದಿದೆ ಎಂಬ ನಂಬಿಕೆಯಲ್ಲಿ. ಆ ನಂಬಿಕೆಯನ್ನು ಕರಾರಿನ ಮೂಲಕ ಪಡೆಯಲಾಗದು. 2021ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ರಿಕೆಟ್ ಮಂಡಳಿ ಪಂದ್ಯದ ದಿನ ಬೆಳಗ್ಗೆ ಎಲ್ಲ ಆಟಗಾರರೂ ವರ್ಣಭೇದದ ವಿರುದ್ಧ ಮಂಡಿಯೂರಲೇಬೇಕೆಂದು ಆದೇಶಿಸಿದಾಗ ಕ್ವಿಂಟನ್ ಡಿ ಕಾಕ್ ಆ ಪಂದ್ಯದಿಂದ ಹಿಂದೆ ಸರಿದರು. ಮಿಶ್ರ ವರ್ಣದ ಕುಟುಂಬದಿಂದ ಬಂದ ಅವರು ಆಮೇಲೆ ಕ್ಷಮೆ ಕೇಳಿ ಮುಂದಿನ ಪಂದ್ಯಕ್ಕೆ ಮಂಡಿಯೂರಿದರು. ಮಂಡಿಯೂರುವುದರ ಹಿಂದಿನ ಕಾರಣ ನನಗೆ ಪೂರ್ಣ ಒಪ್ಪಿಗೆ. ಆದರೆ ಆದೇಶ ಬಂದ ದಿನದಿಂದ ಉಳಿದವರಲ್ಲಿ ಯಾರು ಮನಸ್ಸಿನಿಂದ ಮಂಡಿಯೂರಿದರು, ಯಾರು ಆದೇಶಕ್ಕೆ ಊರಿದರು ಎಂದು ತಿಳಿಯುವ ದಾರಿಯನ್ನೇ ಮಂಡಳಿ ಮುಚ್ಚಿತು. ನಮಗೆ ಪ್ರಿಯವಾದ ಸಂಕೇತಕ್ಕೂ ಇದೇ ನ್ಯಾಯ ಅನ್ವಯಿಸಬೇಕು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲದ್ದು ಹೂವು ಕೊಡುವ ಲೀಜನ್ ಸಂಸ್ಥೆಯೇ. ಪಾಪ್ಪಿ ಧರಿಸುವುದು ವೈಯಕ್ತಿಕ ಆಯ್ಕೆ, ಕಡ್ಡಾಯವಾದರೆ ಅದರ ಅರ್ಥವೇ ಹೋಗುತ್ತದೆ ಎಂದು ಅದು ಬಹಿರಂಗವಾಗಿ ಹೇಳುತ್ತ ಬಂದಿದೆ. ಆ ಮಾತನ್ನು ಕಾರ್ಯರೂಪಕ್ಕೆ ತರಲು ದೊಡ್ಡ ನಿಯಮಾವಳಿ ಬೇಡ. ಹೂವಿಲ್ಲದ ಜೆರ್ಸಿಯನ್ನೇ ಎಲ್ಲರಿಗೂ ಕೊಟ್ಟು, ಬೇಕಾದವರು ಪಕ್ಕದಲ್ಲಿಟ್ಟ ಹೂವನ್ನು ತಾವಾಗಿ ಅಂಟಿಸಿಕೊಳ್ಳುವ ವ್ಯವಸ್ಥೆ ಮಾಡಿದರೆ ಸಾಕು; ಆಗ ಧರಿಸುವುದು ಮತ್ತೆ ಒಂದು ಕ್ರಿಯೆಯಾಗುತ್ತದೆ, ಧರಿಸದವರು ಯಾರಿಗೂ ಉತ್ತರ ಕೊಡಬೇಕಾಗಿ ಬರುವುದಿಲ್ಲ. ಹರಾಜಿಗೆ ಬರುವ ಜೆರ್ಸಿಗಳ ಬೆಲೆ ಇದರಿಂದ ಇಳಿಯುವುದೂ ಇಲ್ಲ. ಸಂಕೇತಗಳೂ ಒಂದೇ ಅರ್ಥಕ್ಕೆ ಕಟ್ಟುಬಿದ್ದಿರಬೇಕಿಲ್ಲ. 2012ರಲ್ಲಿ ಐರ್ಲೆಂಡಿನ ಪ್ರಧಾನಿ ಎಂಡಾ ಕೆನಿ ಎನಿಸ್ಕಿಲನ್‌ಗೆ ಹೋಗಿ ಯುದ್ಧ ಸ್ಮಾರಕಕ್ಕೆ ಪುಷ್ಪಗುಚ್ಛವಿಟ್ಟರು. 2017ರಲ್ಲಿ ಅವರ ನಂತರ ಬಂದ ಲಿಯೊ ವರಾಡ್ಕರ್ ಐರ್ಲೆಂಡಿನ ಸಂಸತ್ತಿಗೆ, ಆ ದೇಶದ ಗುರುತೆನಿಸಿದ ಶ್ಯಾಮ್‌ರಾಕ್ ಎಲೆಯೊಳಗೆ ಪಾಪ್ಪಿಯಿರುವ ಗುರುತು ಧರಿಸಿ ಬಂದರು. ಇಬ್ಬರನ್ನೂ ಯಾವ ಕ್ಲಬ್ಬೂ ಒತ್ತಾಯಿಸಿರಲಿಲ್ಲ, ಯಾವ ಗುಂಪೂ ಕೂಗಿರಲಿಲ್ಲ.

ಡೆರಿಯ ಹಳೆಯ ಕೋಟೆಗೋಡೆಗಳ ಒಳಗೆ, ಡೈಮಂಡ್ ಎಂಬ ನಡುಚೌಕದಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಆ ಊರಿನವರ ಸ್ಮಾರಕವಿದೆ. 1927ರಲ್ಲಿ ಅನಾವರಣಗೊಂಡ ಅದರ ಮೇಲೆ ಕ್ಯಾಥೊಲಿಕರ ಹೆಸರುಗಳೂ ಇವೆ, ಪ್ರಾಟೆಸ್ಟೆಂಟರ ಹೆಸರುಗಳೂ ಇವೆ. ಅಲ್ಲಿಂದ ಬುಚರ್ ಬೀದಿ ಹಿಡಿದು ಕೋಟೆಬಾಗಿಲು ದಾಟಿ ಇಳಿದರೆ ಕೆಲವೇ ನಿಮಿಷಗಳಲ್ಲಿ ಬಾಗ್‌ಸೈಡ್ ಸಿಗುತ್ತದೆ, ರಾಸ್‌ವಿಲ್ ಬೀದಿಯಲ್ಲಿ 1972ರ ಆ ಭಾನುವಾರ ಗುಂಡಿಗೆ ಬಲಿಯಾದವರ ಹೆಸರುಗಳಿರುವ ಕಲ್ಲಿನ ಕಂಬವಿದೆ. ಮೆಕ್‌ಕ್ಲೀನ್ ತಮ್ಮ ಪತ್ರದಲ್ಲಿ ಗೌರವ ಸಲ್ಲಿಸಿದ್ದು ಈ ಎರಡೂ ಕಲ್ಲುಗಳ ಮೇಲಿನ ಹೆಸರುಗಳಿಗೆ.